ಕತ್ತಲಲ್ಲಿ ಕೈಗೆ ಸಿಗುವ ಪೆಟ್ಟಿಗೆ

ಫೋಮು ಕೊರೆದು ದೂರದರ್ಶಕದ ಐಪೀಸುಗಳಿಗೆ ಗೂಡು ಮಾಡುವ ಬಗೆಯನ್ನು ಈ ವಾರ ಬರೆಯುವುದಾಗಿ ಹೇಳಿದ್ದೆ. ಬರೆಯುತ್ತೇನೆ. ಗುರುವಾರ ಸಂಜೆಯೊಳಗೆ ಲೇಖನ ಮುಟ್ಟದಿದ್ದರೆ ಈ ಜಾಗಕ್ಕೆ ತೊಗರಿ ಧಾರಣೆಯ ಪಟ್ಟಿ ಹಾಕುವುದಾಗಿ ಪತ್ರಿಕೆಯವರು ಹೆದರಿಸಿದ್ದಾರೆ. ನಮ್ಮ ಕಡೆ ಅದಕ್ಕೇ ಓದುಗರು ಹೆಚ್ಚು, ಆ ಮಾತು ಬೇರೆ. ಆದರೆ ಕತ್ತಿ ಕೈಗೆತ್ತಿಕೊಳ್ಳುವ ಮೊದಲು ಹಳೆಯ ಜಗಳವೊಂದನ್ನು ತೀರಿಸಿಕೊಳ್ಳಬೇಕು.

ಜಗಳ ಪ್ರದರ್ಶನ ಪಂಥದವರ ಜೊತೆ. ನಕ್ಷತ್ರ ವೀಕ್ಷಣೆಯ ಶಿಬಿರಗಳಿಗೆ ಹೋದವರೆಲ್ಲ ಇವರನ್ನು ನೋಡಿರುತ್ತೀರಿ. ಹೊತ್ತು ಮುಳುಗುವ ಮೊದಲೇ ಕಾರಿನ ಡಿಕ್ಕಿಯಿಂದ ಹಾರ್ಮೋನಿಯಮ್ಮಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆಯೊಂದು ಇಳಿಯುತ್ತದೆ. ಕೊಂಡಿಗಳು ಟಕ್ ಟಕ್ ಎಂದು ಬಿಚ್ಚಿಕೊಳ್ಳುತ್ತವೆ. ಒಳಗೆ ಬೂದು ಬಣ್ಣದ ಫೋಮಿನಲ್ಲಿ ಸಾಲುಸಾಲಾಗಿ ಐಪೀಸುಗಳು: ಒಂದೇ ಕಂಪನಿಯವು ಒಂದು ಸಾಲು, ಹಸಿರು ಪಟ್ಟಿಯವು ಒಂದು ಕಡೆ, ಕಿತ್ತಳೆ ಪಟ್ಟಿಯವು ಇನ್ನೊಂದು ಕಡೆ. ಜನ ಸುತ್ತ ಸೇರುತ್ತಾರೆ, ಫೋಟೊ ತೆಗೆಯುತ್ತಾರೆ, ಬೆಲೆ ಕೇಳುತ್ತಾರೆ. ಕತ್ತಲಾಗುತ್ತಲೇ ಅದೇ ಮಹಾಶಯರು ಮೊಬೈಲಿನ ಬಿಳಿ ಬೆಳಕು ಬಿಟ್ಟುಕೊಂಡು ಪೆಟ್ಟಿಗೆಯ ಮೇಲೆ ಬಗ್ಗಿ ‘ಹತ್ತು ಎಂಎಂ ಎಲ್ಲಿ ಹೋಯಿತು’ ಎಂದು ಹುಡುಕಲು ತೊಡಗುತ್ತಾರೆ. ಸುತ್ತಲಿನ ಹತ್ತು ಜನರ ಕಣ್ಣು ಕತ್ತಲಿಗೆ ಮತ್ತೆ ಒಗ್ಗಲು ಅರ್ಧ ಗಂಟೆ ಬೇಕು.

ಹಗಲಿಗೆ ಜೋಡಿಸಿದ ಪೆಟ್ಟಿಗೆ ಅದು. ನಮ್ಮ ಕೆಲಸವೆಲ್ಲ ರಾತ್ರಿಯದು.

ಇಷ್ಟೊಂದು ಐಪೀಸು ಬೇಕೇ ಎಂಬ ಪ್ರಶ್ನೆಯನ್ನು ಇಲ್ಲಿ ಮತ್ತೆ ಕೆದಕುವುದಿಲ್ಲ. ಲೆಕ್ಕವನ್ನಷ್ಟೇ ನೆನಪಿಸುತ್ತೇನೆ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವುದು 8 ಇಂಚಿನ, 1200 ಮಿಲಿಮೀಟರ್ ಸಂಗಮದೂರದ ಡಾಬ್ಸೋನಿಯನ್ ದೂರದರ್ಶಕ. ಅದಕ್ಕೆ 25 ಎಂಎಂ ಹಾಕಿದರೆ 48 ಪಟ್ಟು, 10 ಎಂಎಂ ಹಾಕಿದರೆ 120, 6 ಎಂಎಂ ಹಾಕಿದರೆ 200. ನಮ್ಮ ಕಡೆಯ ಇಜೇರಿಯ ಎರೆಹೊಲದ ಬದುವಿನಲ್ಲಿ ನಿಂತು ಒಮೆಗಾ ಸೆಂಟಾರಿ ನಕ್ಷತ್ರಗುಚ್ಛ ನೋಡುವುದಕ್ಕೆ 25 ಎಂಎಂ ದಾಟುವ ಅಗತ್ಯವೇ ಬೀಳುವುದಿಲ್ಲ. ಮೇ ಮಧ್ಯದಲ್ಲಿ ರಾತ್ರಿ ಹತ್ತೂವರೆಯ ಸುಮಾರಿಗೆ ಅದು ದಕ್ಷಿಣದಲ್ಲಿ 25 ಡಿಗ್ರಿ ಎತ್ತರಕ್ಕೆ ಏರಿರುತ್ತದೆ. ಐಪೀಸಿನ ಬಗ್ಗೆ ದಪ್ಪ ದಪ್ಪ ಪುಸ್ತಕ ಬರೆದ ಲಂಡನ್ನಿನ ಪಂಡಿತರು ತಮ್ಮ ಊರಿನಿಂದ ಅದನ್ನು ಕಾಣುವುದೇ ಸಾಧ್ಯವಿಲ್ಲ. ಅಲ್ಲಿ ಅದು ಕ್ಷಿತಿಜದ ಮೇಲೆ ಬರುವುದೇ ಇಲ್ಲ. ಈ ಸಂಗತಿಯನ್ನು ನಾನು ಸಂದರ್ಭ ಸಿಕ್ಕಾಗಲೆಲ್ಲ ಹೇಳುತ್ತೇನೆ, ಸಿಗದಿದ್ದರೂ ಹೇಳುತ್ತೇನೆ.

ಮೂರು ಐಪೀಸು, ಒಂದು ಬಾರ್ಲೋ ಮಸೂರ, ಅಗಲ ನೋಟಕ್ಕೆ ಎರಡಿಂಚಿನದೊಂದು, ಇಷ್ಟು ಸಾಕು. ಪೆಟ್ಟಿಗೆಯ ಬಲ ಮುಂದಿನ ಮೂಲೆಯಿಂದ ಸಂಗಮದೂರದ ಇಳಿಕೆಯ ಕ್ರಮದಲ್ಲಿ ಇವು ಸಾಲಾಗಿ ಕೂರಬೇಕು. ಮೊದಲು ಕೈಗೆ ಬರುವುದು ಅಗಲ ನೋಟದ್ದು, ಕೊನೆಯದು 6 ಎಂಎಂ. ಕಂಪನಿ ಯಾವುದೇ ಇರಲಿ, ಬಣ್ಣ ಯಾವುದೇ ಇರಲಿ. ಬಣ್ಣದ ಪಟ್ಟಿಯಂತೂ ರಾತ್ರಿ ಪೂರ್ತಿ ನಿರುಪಯೋಗಿ. ನಾವು ಬಳಸುವುದು ಕೆಂಪು ಟಾರ್ಚು. ಅದರ ಬೆಳಕಲ್ಲಿ ಹಸಿರೂ ನೀಲಿಯೂ ಒಂದೇ ಸಮನೆ ಕಪ್ಪು. ಬಿಳಿ ಚೀಟಿಯ ಮೇಲೆ ಕೆಂಪು ಶಾಯಿಯಲ್ಲಿ ಅಂದವಾಗಿ ಬರೆದ ಅಂಕಿ ಕಣ್ಣಿಗೇ ಬೀಳುವುದಿಲ್ಲ. ಬರೆಯುವುದಾದರೆ ಕಪ್ಪಿನ ಮೇಲೆ ಬಿಳಿ ಬಣ್ಣದಲ್ಲಿ ಬರೆಯಿರಿ. ಅದಕ್ಕಿಂತ ಮೇಲು, ಮುಚ್ಚಳದ ಮೇಲೆ ದಪ್ಪ ದಾರ ಅಂಟಿಸುವುದು: ದೊಡ್ಡದಕ್ಕೆ ಒಂದು ಗೆರೆ, ಮುಂದಿನದಕ್ಕೆ ಎರಡು. ಬೆರಳಿಗೆ ಟಾರ್ಚು ಬೇಕಾಗಿಲ್ಲ.

ಪತ್ತಾರರ ತೂಕದ ಪೆಟ್ಟಿಗೆ ನೋಡಿದವರಿಗೆ ಈ ಜೋಡಣೆ ಹೊಸದೇನಲ್ಲ. ಅಂಗೈ ಅಗಲದ ಮರದ ತುಂಡು, ಅದರಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಗುಳಿಗಳು, ಒಂದೊಂದರಲ್ಲಿ ಒಂದೊಂದು ಹಿತ್ತಾಳೆಯ ತೂಕ. ಒಂದರ ಗುಳಿಯಲ್ಲಿ ಇನ್ನೊಂದು ಕೂರದು. ಸಂಜೆ ಅಂಗಡಿ ಎತ್ತುವಾಗ ಎಣಿಸುವ ಕೆಲಸವೂ ಇಲ್ಲ. ಖಾಲಿ ಗುಳಿ ತಾನೇ ಹೇಳುತ್ತದೆ. ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಮುಚ್ಚಿಕೊಂಡೇ ಸಾಮಾನು ಕಟ್ಟುವ ನಮಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ. ಹುಲ್ಲಿನಲ್ಲಿ ಬಿಟ್ಟುಬಂದ ಐಪೀಸು ಮನೆಗೆ ಬಂದ ಮೇಲೆ ನೆನಪಾಗುವ ಬದಲು ಅಲ್ಲೇ ನೆನಪಾಗುತ್ತದೆ. ಗೂಡು ಕೊರೆದ ಫೋಮಿನ ಬಗ್ಗೆ ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದು ಈ ಒಂದು ಕಾರಣಕ್ಕೆ. ಹಾಗಾಗಿ ಮುಂದೆ ಕೊಳ್ಳಲಿರುವ ಐಪೀಸಿಗಾಗಿ ಈಗಲೇ ಹೆಚ್ಚುವರಿ ಗೂಡು ಕೊರೆದಿಡಬೇಡಿ. ಯಾವತ್ತೂ ಖಾಲಿ ಇರುವ ಗೂಡೊಂದು ಪೆಟ್ಟಿಗೆಯಲ್ಲಿದ್ದರೆ ಖಾಲಿ ಗೂಡಿನ ಮಾತನ್ನು ಯಾರೂ ನಂಬುವುದಿಲ್ಲ. ಆಸೆ ತೋರಿಸಿ ಕೊಳ್ಳುವ ಹಾಗೂ ಮಾಡುತ್ತದೆ.

ಉಳಿದಂತೆ ಫೋಮು ನನಗೆ ಆಗಿಬರುವುದಿಲ್ಲ. ಅದು ಪ್ರಯಾಣಕ್ಕೆ ಆದದ್ದು. ವರ್ಷಗಟ್ಟಲೆ ಸಾಮಾನು ಇಡುವುದಕ್ಕೆ ಆದದ್ದಲ್ಲ. ಪ್ರದರ್ಶನ ಪಂಥದವರಿಗೆ ಈ ವ್ಯತ್ಯಾಸವೇ ತಿಳಿದಿಲ್ಲ. ಪೆಟ್ಟಿಗೆ ಮುಚ್ಚಿ ಅಟ್ಟಕ್ಕೆ ಏರಿಸಿ, ಮುಂದಿನ ಶಿಬಿರಕ್ಕೆ ಇಳಿಸುತ್ತಾರೆ.

ಹಾಸಿಗೆ ಅಂಗಡಿಯಲ್ಲಿ ಸಿಗುವ ಮೆತ್ತನೆಯ ಫೋಮು ಪಾಲಿಯುರಿಥೇನ್. ಜರ್ಮನಿಯ ಒಟ್ಟೊ ಬೇಯರ್ 1937ರಲ್ಲಿ ಈ ಜಾತಿಯ ಪ್ಲಾಸ್ಟಿಕ್ಕು ಮಾಡಿದ. ಮೆತ್ತನೆಯ ಫೋಮಾಗಿ ಅದು ಮನೆಮನೆಗೆ ಬಂದದ್ದು 1950ರ ದಶಕದ ನಂತರ. ಅದರಲ್ಲಿ ಪಾಲಿಯೆಸ್ಟರ್ ಬಗೆಯದಕ್ಕೆ ತೇವದ ಸೆಕೆ ತಗುಲಿದರೆ ಅಣುಗಳ ಕೊಂಡಿ ನೀರಿನಿಂದಲೇ ಕಳಚಿಕೊಳ್ಳುತ್ತದೆ: ಮೊದಲು ಅಂಟಂಟು, ಆಮೇಲೆ ಪುಡಿಪುಡಿ. ಪಾಲಿಈಥರ್ ಬಗೆಯದು ನೀರಿಗೆ ಅಷ್ಟು ಬಗ್ಗದು, ಆದರೆ ಬೆಳಕು ಮತ್ತು ಗಾಳಿಗೆ ಬಗ್ಗುತ್ತದೆ. ನಂಬಿಕೆ ಬರದಿದ್ದರೆ ರೀಲು ಹಾಕುವ ಹಳೆಯ ಕ್ಯಾಮೆರಾ ಇದ್ದವರು ಹಿಂಬದಿಯ ಬಾಗಿಲು ತೆಗೆದು ನೋಡಿ. ಬೆಳಕು ತಡೆಯಲೆಂದು ಅಂಟಿಸಿದ್ದ ಫೋಮಿನ ಪಟ್ಟಿ ಡಾಂಬರಾಗಿರುತ್ತದೆ. ಹಳೆಯ ವಾಕ್‌ಮನ್ನಿನ ಕಿವಿಯ ಸ್ಪಂಜು ಏನಾಯಿತೆಂದು ನೆನಪಿಸಿಕೊಳ್ಳಿ. ಅದೇ ಕಪ್ಪು ಹಿಟ್ಟು ನಾಳೆ ನಿಮ್ಮ ಐಪೀಸಿನ ಗಾಜಿನ ಮೇಲೆ.

ಇನ್ನು ನಮ್ಮ ನೆಲ. ಮಂಗಳೂರು, ಕಾಸರಗೋಡಿನ ಗೆಳೆಯರು ಸದಾ ಬೂಷ್ಟಿನ ಮಾತಾಡುತ್ತಾರೆ. ಅವರ ಮಾತು ಸುಳ್ಳಲ್ಲ. ಗಾಳಿಯ ತೇವ ನೂರಕ್ಕೆ ಎಪ್ಪತ್ತು ದಾಟಿ ವಾರಗಟ್ಟಲೆ ನಿಂತರೆ ಮಸೂರದ ಮೇಲೆ ಶಿಲೀಂಧ್ರದ ಎಳೆ ಬಿಡುತ್ತದೆ, ಅದು ಬಿಡುವ ಆಮ್ಲ ಲೇಪನವನ್ನೂ ಕೊನೆಗೆ ಗಾಜನ್ನೂ ತಿನ್ನುತ್ತದೆ. ಆದರೆ ಅವರ ಔಷಧಿಯನ್ನು ಹಾಗೇ ತಂದು ಜೇವರ್ಗಿ, ಅಫಜಲಪುರದ ಬಿಸಿಲಲ್ಲಿ ಕುಡಿಸುವುದು ಯಾವ ನ್ಯಾಯ? ನಮಗಿರುವ ಶತ್ರುಗಳು ಎರಡು, ಧೂಳು ಮತ್ತು ಝಳ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ ಶುರುವಾದರೆ ಹೊಟ್ಟಿನ ಧೂಳು ಮೂರು ಹೊಲದಾಚೆಗೂ ಗಾಳಿಯಲ್ಲಿ ತೇಲುತ್ತಿರುತ್ತದೆ. ಮಹಾವ್ಯಾಧ ನಕ್ಷತ್ರಪುಂಜ ನೆತ್ತಿಗೆ ಬರುವ ಕಾಲವೂ ಅದೇ. ಆ ಧೂಳಿನೊಳಗೆ ಮರಳಿನ ಕಣವಿರುತ್ತದೆ, ಅದು ಮಸೂರದ ಗಾಜಿಗಿಂತ ಗಡಸು. ಒರೆಸಿದಿರೋ ಗೀರು ಬಿತ್ತು. ಬೇಸಿಗೆಯ ಒಣ ಹವೆಯಲ್ಲಂತೂ ಪ್ಲಾಸ್ಟಿಕ್ ಫೋಮಿಗೆ ಕೈ ಉಜ್ಜಿದರೆ ಸಾಕು, ಅದು ಸ್ಥಿರವಿದ್ಯುತ್ತು ತುಂಬಿಕೊಂಡು ಧೂಳನ್ನು ಕರೆಕರೆದು ಕೂರಿಸಿಕೊಳ್ಳುತ್ತದೆ. ಕಪ್ಪು ಪೆಟ್ಟಿಗೆಯನ್ನು ಮಧ್ಯಾಹ್ನ ಮುಚ್ಚಿದ ಕಾರಿನಲ್ಲಿ ಬಿಟ್ಟರೆ ಆಗುವುದನ್ನು ಕಲಬುರಗಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ಹೊರಗೆ 43 ಡಿಗ್ರಿ ಇದ್ದಾಗ ಒಳಗೆ ಅರವತ್ತನ್ನೂ ದಾಟುತ್ತದೆ. ಫೋಮು ಶಾಖವನ್ನು ಸುಲಭಕ್ಕೆ ಬಿಟ್ಟುಕೊಡುವ ವಸ್ತುವೂ ಅಲ್ಲ. ಹೊತ್ತು ಮುಳುಗಿ ಗಂಟೆಯಾದರೂ ಐಪೀಸು ಬೆಚ್ಚಗೇ ಇರುತ್ತದೆ.

ಪೆಟ್ಟಿಗೆಯ ಮಾತು ಬಂತೆಂದರೆ ಲ್ಯಾಂಬ್ಟನ್ನನ ಪೆಟ್ಟಿಗೆಯ ಕಥೆ ಹೇಳದೆ ಮುಂದೆ ಹೋಗಲಾರೆ. ಹಿಂದೆ ಓದಿದವರು ಸಹಿಸಿಕೊಳ್ಳಬೇಕು. ಆ ಕಥೆಯಿರುವ, ಜಾನ್ ಕೀ ಬರೆದ ‘ದಿ ಗ್ರೇಟ್ ಆರ್ಕ್’ (2000) ಪುಸ್ತಕವನ್ನು ನಾನು ಪ್ರತಿ ಮಳೆಗಾಲ ಓದುತ್ತೇನೆ. ಮೋಡ ಕವಿದಾಗ ಇನ್ನೇನು ಮಾಡುವುದು?

ವಿಲಿಯಂ ಲ್ಯಾಂಬ್ಟನ್ ನಮ್ಮ ನಾಡಿಗೆ ಬಂದದ್ದು 1799ರಲ್ಲಿ, ಟಿಪ್ಪುವಿನ ಮೇಲೆ ಬಂದ ದಂಡಿನ ಜೊತೆ. ಶ್ರೀರಂಗಪಟ್ಟಣದ ಬಳಿ ಒಂದು ರಾತ್ರಿ ಜನರಲ್ ಬೇರ್ಡನ ಪಡೆ ಹೊರಟಿದ್ದ ದಿಕ್ಕು ತಪ್ಪಿದೆಯೆಂದು ಆಕಾಶದ ಚುಕ್ಕೆ ನೋಡಿ ಹೇಳಿದವನು ಅವನು. ಜನರಲ್ ಮೊದಲು ಒಪ್ಪಲಿಲ್ಲ, ದಿಕ್ಸೂಚಿ ತೆಗೆದು ನೋಡಿದ ಮೇಲೆ ಒಪ್ಪಿದ. ಅಂಥವನು ದೇಶದ ಬೆನ್ನೆಲುಬನ್ನು ಅಳೆಯಲು ಹೊರಟು, ಲಂಡನ್ನಿನ ವಿಲಿಯಂ ಕೇರಿಯಿಂದ ಕೋನ ಅಳೆಯುವ ಮಹಾ ಥಿಯೋಡೊಲೈಟ್ ಮಾಡಿಸಿದ. ಅದರ ಅಡ್ಡಚಕ್ರದ ವ್ಯಾಸ ಮೂರು ಅಡಿ, ಒಟ್ಟು ತೂಕ ಸುಮಾರು ಅರ್ಧ ಟನ್. ಅದನ್ನು ತರುತ್ತಿದ್ದ ಹಡಗನ್ನು ಫ್ರೆಂಚರು ಹಿಡಿದು ಮಾರಿಷಸ್‌ಗೆ ಒಯ್ದರು. ಪೆಟ್ಟಿಗೆ ಬಿಚ್ಚಿ ನೋಡಿದರೆ ತೋಪಲ್ಲ, ಬಂದೂಕಲ್ಲ. ವಿಜ್ಞಾನದ ಉಪಕರಣವೆಂದು ತಿಳಿದ ಗವರ್ನರ್ ಅದನ್ನು ಮತ್ತೆ ಕಟ್ಟಿಸಿ, ಗೌರವದ ಪತ್ರವೊಂದನ್ನು ಜೊತೆಗಿಟ್ಟು ಮದರಾಸಿಗೆ ಕಳಿಸಿಕೊಟ್ಟ. ಎರಡು ದೇಶಗಳ ನಡುವೆ ಯುದ್ಧವಿದ್ದ ಕಾಲದಲ್ಲಿ. ಈಗ ಕೊರಿಯರಿನವರು ನನ್ನ ಬಾರ್ಲೋ ತಂದು ಕೊಟ್ಟ ರೀತಿಯನ್ನು ಇದರ ಪಕ್ಕ ಇಟ್ಟು ನೋಡುವುದಿಲ್ಲ.

ಮುಂದಿನದು 1808, ತಂಜಾವೂರು. ಬಯಲು ಸೀಮೆ, ಎತ್ತರದ ಗುಡ್ಡವಿಲ್ಲ. ದೇವಸ್ಥಾನದ ಗೋಪುರವೇ ಗತಿ. ಪೆಟ್ಟಿಗೆ ಸಮೇತ ಯಂತ್ರವನ್ನು ಹಗ್ಗ ಕಟ್ಟಿ ಮೇಲೆ ಎಳೆಯುವಾಗ ಹಗ್ಗವೊಂದು ಹರಿಯಿತು. ಪೆಟ್ಟಿಗೆ ಗೋಡೆಗೆ ಬಡಿದು ಒಡೆಯಿತು, ಒಳಗಿನ ಚಕ್ರ ಸೊಟ್ಟಾಯಿತು. ಬೇರೆ ಯಾರಾಗಿದ್ದರೂ ಲಂಡನ್ನಿಗೆ ಕಾಗದ ಬರೆದು ವರ್ಷಗಟ್ಟಲೆ ಕಾಯುತ್ತಿದ್ದರು. ಲ್ಯಾಂಬ್ಟನ್ ಗುಡಾರದೊಳಗೆ ಸೇರಿ, ನಂಬಿದ ಕೆಲವೇ ಕೆಲಸಗಾರರ ಹೊರತು ಯಾರನ್ನೂ ಒಳಗೆ ಬಿಡದೆ, ಆರು ವಾರ ಬೆಣೆ, ಸ್ಕ್ರೂ, ರಾಟೆ ಹಾಕಿ ಆ ಚಕ್ರವನ್ನು ಕೂದಲೆಳೆ ಕೂದಲೆಳೆಯಾಗಿ ಎಳೆದು ಮತ್ತೆ ಗುಂಡಗೆ ಮಾಡಿದ. ಆ ಪೆಟ್ಟು ತಿಂದ ಯಂತ್ರದಲ್ಲೇ ಸರ್ವೇ ಉತ್ತರಕ್ಕೆ ಹತ್ತುತ್ತಾ ರಾಯಚೂರಿಗೂ ಪೂರ್ವದಲ್ಲಿ ಹಾದು, 1815ರಲ್ಲಿ ಬೀದರ ಹತ್ತಿರದ ದಾಮರಗಿದ್ದಕ್ಕೆ ಮುಟ್ಟಿ ಅಲ್ಲಿ ತಳರೇಖೆ ಅಳೆಯಿತು. ನಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಇದೇ ಸರ್ವೇಯ ಜಾರ್ಜ್ ಎವರೆಸ್ಟನ ಹೆಸರು ಎಲ್ಲ ಮಕ್ಕಳಿಗೂ ಗೊತ್ತು. ದಾಮರಗಿದ್ದ ಯಾರಿಗೂ ಗೊತ್ತಿಲ್ಲ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ಆ ಪೆಟ್ಟಿಗೆಯಲ್ಲಿ ಫೋಮು ಇದ್ದಿದ್ದರೆ ಎಂದು ಗೆಳೆಯರೊಬ್ಬರು ಕೇಳಿದ್ದರು. ಫೋಮಿನ ಕೆಲಸ ಇಷ್ಟೇ: ಬಡಿತ ಒಂದೇ ಏಟಿಗೆ ನಿಲ್ಲದಂತೆ ಅದರ ಹೊತ್ತನ್ನು ತುಸು ಎಳೆಯುವುದು. ಮುನ್ನೂರು ಗ್ರಾಂ ಐಪೀಸು ಮೇಜಿನಿಂದ ಬಿದ್ದರೆ ಅದು ಸಾಕು. ಅರ್ಧ ಟನ್ನು ಗೋಪುರಕ್ಕೆ ಬಡಿದರೆ ಯಾವ ಫೋಮೂ ಸಾಲದು, ಗುಡಾರದೊಳಗೆ ಆರು ವಾರ ಕೂರುವವನೇ ಬೇಕು. ಮುಂದೆ ಇದೇ ಸರ್ವೇ ಇಲಾಖೆಯ ಉಪಕರಣಗಳನ್ನು ಕಾಯ್ದವರು ಆರ್ಕಾಟಿನ ಸೈಯದ್ ಮೀರ್ ಮೊಹ್ಸಿನ್ ಹುಸೇನ್. ಮದರಾಸಿನ ಒಡವೆ ವ್ಯಾಪಾರದ ಕಡೆಯಿಂದ ಬಂದ ಕೈ ಅದು. ಜಾರ್ಜ್ ಎವರೆಸ್ಟ್ ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ, ಇವರನ್ನು ಹೊಗಳಿದ.

ಫೋಮು ಬರುವ ಮೊದಲು ಮಸೂರಗಳು ಇದ್ದದ್ದು ಮರದ ಪೆಟ್ಟಿಗೆಯಲ್ಲಿ. ನಮ್ಮ ಜಿಲ್ಲೆ ನಿಜಾಮರ ಆಳ್ವಿಕೆಯಲ್ಲಿದ್ದಾಗ ಹೈದರಾಬಾದಿನ ಬೇಗಂಪೇಟೆಯ ನಿಜಾಮಿಯಾ ವೇಧಶಾಲೆಯಲ್ಲಿ 15 ಇಂಚಿನ ಗ್ರಬ್ ದೂರದರ್ಶಕವಿತ್ತು. ಆ ಕಾಲದ ಬ್ರಿಟಿಷ್ ತಯಾರಕರು ಹಿತ್ತಾಳೆ ಐಪೀಸಿಗೆ ಹಿತ್ತಾಳೆಯದೇ ತಿರುಪಿನ ಮುಚ್ಚಳ ಹಾಕಿ, ಮಹಾಗನಿ ಪೆಟ್ಟಿಗೆಯ ಗುಳಿಯಲ್ಲಿ ನಿಲ್ಲಿಸಿ ಕೊಡುತ್ತಿದ್ದರು. ನೂರು ವರ್ಷದ ಅಂಥ ಪೆಟ್ಟಿಗೆಗಳು ಹರಾಜಿನಲ್ಲಿ ಈಗಲೂ ಬರುತ್ತವೆ, ಒಳಗಿನ ಸಾಮಾನು ಇದ್ದ ಹಾಗೇ ಇರುತ್ತದೆ. ಇಪ್ಪತ್ತು ವರ್ಷದ ಫೋಮಿನ ಪೆಟ್ಟಿಗೆ ಯಾರೂ ಹರಾಜಿಗೆ ತರುವುದಿಲ್ಲ.

ಅದಕ್ಕೇ ನನ್ನ ಪದ್ಧತಿ ಎರಡು ಮನೆಯದು. ಮನೆಯಲ್ಲಿರುವಾಗ ಪ್ರತಿ ಐಪೀಸಿಗೂ ಎರಡೂ ಕಡೆ ಮುಚ್ಚಳ, ಮೇಲೆ ಹಳೆಯ ಧೋತರದ ಬಟ್ಟೆಯ ಚೀಲ. ಗಂಜಿ ಹಾಕದೆ ಒಗೆದ ಬಟ್ಟೆಯೇ ಆಗಬೇಕು. ಗಂಜಿಗೆ ಹುಳವೂ ಬರುತ್ತದೆ, ಬೂಷ್ಟೂ ಬರುತ್ತದೆ. ಇವೆಲ್ಲ ರಬ್ಬರ್ ಪಟ್ಟಿಯ ಮುಚ್ಚಳವಿರುವ ಗಾಳಿಯಾಡದ ಡಬ್ಬಿಯಲ್ಲಿ, ಡಬ್ಬಿ ಕಬ್ಬಿಣದ ಟ್ರಂಕಿನಲ್ಲಿ, ಟ್ರಂಕು ನೆಲದ ಮೇಲೆ. ಅಟ್ಟದ ಮೇಲೆ ಬೇಡ, ಮಾಳಿಗೆಯ ಕಾವು ಮೊದಲು ತಟ್ಟುವುದು ಅಲ್ಲಿಗೆ. ಹೊರಡುವ ಸಂಜೆ ಮಾತ್ರ ಚೀಲದಿಂದ ಫೋಮಿನ ಗೂಡಿಗೆ. ಈ ಎತ್ತಿಡುವ ಕೆಲಸ ಬೇಜಾರು ಎನ್ನುವವರಿದ್ದಾರೆ. ಆ ಐದು ನಿಮಿಷದಲ್ಲೇ ಗಾಜು ನೋಡುವುದು, ಮುಚ್ಚಳ ಸಡಿಲಾಗಿದೆಯೇ ನೋಡುವುದು, ಇವತ್ತು ಏನು ನೋಡಬೇಕೆಂದು ಯೋಚಿಸಿ ಬೇಡದ್ದನ್ನು ಬಿಡುವುದು ಎಲ್ಲ ಆಗುತ್ತದೆ.

ಇನ್ನು ಕೊರೆಯುವ ಮಾತು. ಉಳಿದಿರುವ ಜಾಗದಲ್ಲಿ ಹಿಡಿಯುವಷ್ಟೇ ಹೇಳುತ್ತೇನೆ. ಹಾಸಿಗೆ ಫೋಮು ಬೇಡ. ಚಪ್ಪಲಿ ಹೊಲಿಯುವವರು ಅಟ್ಟೆಗೆ ಬಳಸುವ ಈವಿಎ ಹಾಳೆ ತನ್ನಿ. ಅದರೊಳಗಿನ ಗುಳ್ಳೆಗಳು ಒಂದೊಂದೂ ಮುಚ್ಚಿಕೊಂಡಿರುವುದರಿಂದ ಇಬ್ಬನಿಯನ್ನು ಹೀರದು, ಬೇಗ ಪುಡಿಯಾಗದು. ನಾನು ಐದಾರು ಹಾಳೆ ಒಟ್ಟಿಗೆ ಕೇಳಿದಾಗ ಅಂಗಡಿಯಾತ, ‘ಮಾಸ್ತರ್ರೇ, ಎಷ್ಟನೇ ನಂಬರಿನ ಚಪ್ಪಲ್ ಮಾಡ್ಲತೀರಿ?’ ಅಂದ. ಅವನ ರಂಪಿಗೆಯೇ ಈ ಕೆಲಸಕ್ಕೆ ಎಲ್ಲ ಕತ್ತಿಗಳಿಗಿಂತ ಮೇಲು. ಅವನಿಂದಲೇ ಕೊರೆಸಿದರೆ ಇನ್ನೂ ಮೇಲು. ಹಾಳೆಗಳನ್ನು ಒಂದರ ಮೇಲೊಂದು ಅಂಟಿಸುವ ಮೊದಲೇ ಒಂದೊಂದನ್ನೂ ಬೇರೆಯಾಗಿ ಕೊರೆದುಕೊಳ್ಳಿ, ಆಗ ಗೂಡಿನ ಗೋಡೆ ನೆಟ್ಟಗಿರುತ್ತದೆ. ಗೂಡು ಐಪೀಸಿನ ಮೈಗಿಂತ ಎರಡು ಮಿಲಿಮೀಟರ್ ಚಿಕ್ಕದಿರಲಿ, ಎರಡು ಗೂಡುಗಳ ನಡುವೆ ಬೆರಳು ಇಳಿಯುವಷ್ಟು ಅಂತರವಿರಲಿ. ಐಪೀಸು ಗೂಡಿನಿಂದ ಮೂರನೇ ಒಂದು ಭಾಗ ಮೇಲೆದ್ದಿರಬೇಕು. ಪೂರ್ತಿ ಮುಳುಗಿಸಿದರೆ ಎತ್ತುವಾಗ ಬೆರಳು ಗಾಜಿಗೇ ಹೋಗುತ್ತದೆ. ಅಂಟು ಹಚ್ಚಿದ ಮೇಲೆ ವಾಸನೆ ಪೂರ್ತಿ ಹೋಗುವವರೆಗೆ, ಒಂದು ವಾರವಾದರೂ, ಪೆಟ್ಟಿಗೆ ತೆರೆದಿಡಿ. ಆ ಆವಿ ಮುಚ್ಚಿದ ಪೆಟ್ಟಿಗೆಯಲ್ಲಿ ಮಸೂರದ ಮೇಲೆ ಪೊರೆಯಾಗಿ ಕೂರುತ್ತದೆ. ಮನೆಯಲ್ಲಿ ಹಾಸಿಗೆ ಫೋಮೇ ಇದೆ, ಅದನ್ನೇ ಕೊರೆಯುತ್ತೇನೆ ಎಂಬ ಹಟಮಾರಿಗಳಿಗೆ ಒಂದು ಉಪಾಯ: ನೀರಲ್ಲಿ ನೆನೆಸಿ ಫ್ರಿಜ್ಜಿನ ಮೇಲಿನ ಪೆಟ್ಟಿಗೆಯಲ್ಲಿ ಗಟ್ಟಿ ಮಾಡಿ ಕೊರೆಯಿರಿ, ಅಂಚು ಹರಿಯುವುದಿಲ್ಲ. ಮನೆಯವರು ಏನೆನ್ನುತ್ತಾರೋ ಅದು ನಿಮ್ಮ ಜವಾಬ್ದಾರಿ.

ಐಪೀಸೇ ಇಲ್ಲದ ದೂರದರ್ಶಕಗಳು ಬಂದಿರುವಾಗ ಈ ಪುರಾಣವೇಕೆ ಎಂದು ಒಬ್ಬ ಓದುಗರು ಬರೆದಿದ್ದಾರೆ. ಹೌದು, ಮೂರು ಕಾಲಿನ ಮೇಲೆ ಇಟ್ಟರೆ ತಾನೇ ಗುರಿ ಹುಡುಕಿ ಫೋನಿಗೆ ಚಿತ್ರ ಕಳಿಸುವ ಚಿಕ್ಕ ಯಂತ್ರಗಳು ಈಗ ಜನಪ್ರಿಯ. ನೀಹಾರಿಕೆಯ ಬಣ್ಣ ಅದರಲ್ಲಿ ಚೆನ್ನಾಗಿ ಬರುತ್ತದೆ, ನನಗೇನೂ ದ್ವೇಷವಿಲ್ಲ. ಆದರೆ ಊರ ಹುಡುಗರು ಶನಿಯನ್ನು ಫೋನಿನಲ್ಲಿ ನೋಡಿ ‘ಇದು ಮೊದಲೇ ನೋಡೀವಿ’ ಎಂದು ಎದ್ದು ಹೋಗುತ್ತಾರೆ. 10 ಎಂಎಂ ಹಾಕಿ ಕೊಟ್ಟರೆ ಕೊಳವೆಯ ಮುಂದೆ ಹೋಗಿ ಯಾರಾದರೂ ಚಿತ್ರ ಅಂಟಿಸಿದ್ದಾರೆಯೇ ಎಂದು ನೋಡಿ ಬರುತ್ತಾರೆ. ವಾದ ಅಲ್ಲಿಗೇ ಮುಗಿಯಿತು.

ಕೊನೆಗೆ ಸಿಲಿಕಾ ಜೆಲ್. ಬೇಸಿಗೆಯಲ್ಲಿ ಬೇಡ, ನಮ್ಮ ಏಪ್ರಿಲ್ ಗಾಳಿಗಿಂತ ಒಣಗಿದ್ದು ಇನ್ನೇನಿದೆ? ಮಿರಗದ ಮಳೆ ಕೂಡಿತೆಂದರೆ ಡಬ್ಬಿಯಲ್ಲಿ ಎರಡು ಪೊಟ್ಟಣ ಹಾಕಿ, ದೀಪಾವಳಿಗೆ ತೆಗೆಯಿರಿ. ನೀಲಿ ಕಾಳಿನದು ಗುಲಾಬಿ ಆದರೆ ತೇವ ತುಂಬಿತೆಂದು ಅರ್ಥ. ಆ ನೀಲಿಗೆ ಕಾರಣವಾದ ಕೋಬಾಲ್ಟ್ ಉಪ್ಪು ಮೈಗೆ ಒಳ್ಳೆಯದಲ್ಲ, ಕಿತ್ತಳೆ ಬಣ್ಣದ್ದು ಸಿಕ್ಕರೆ ಅದನ್ನೇ ಕೊಳ್ಳಿ. ಬಿಸಿಲಿಗೆ ಹಾಕಿ ಒಣಗಿಸುತ್ತೇನೆಂದರೆ ನಮ್ಮ ಬಿಸಿಲೂ ಸಾಲದು, 110–120 ಡಿಗ್ರಿ ಬೇಕು; ಕಾಳನ್ನು ಪೊಟ್ಟಣದಿಂದ ಬಿಡಿಸಿ ಹಳೆಯ ಹಂಚೊಂದರ ಮೇಲೆ ಸಣ್ಣ ಉರಿಯಲ್ಲಿ ಹುರಿಯಿರಿ. ರೊಟ್ಟಿ ಹಂಚಿನ ಮೇಲೆ ಖಂಡಿತ ಬೇಡ. ಇಬ್ಬನಿ ಬಿದ್ದ ರಾತ್ರಿಯ ಮರುದಿನ ಪೆಟ್ಟಿಗೆಯನ್ನು ನೆರಳಲ್ಲಿ ಬಾಯಿ ತೆರೆದು ಮಧ್ಯಾಹ್ನದವರೆಗೆ ಇಡಿ, ಆಮೇಲೆ ಮುಚ್ಚಿ. ತೆರೆದಿಡುವಾಗ ಐಪೀಸುಗಳನ್ನು ಮೊದಲು ಎತ್ತಿಟ್ಟುಬಿಡಿ, ಮನೆಯಲ್ಲಿ ಮಕ್ಕಳಿದ್ದರೆ ಬೆಕ್ಕಿದ್ದರೆ ಇನ್ನೂ ಮೊದಲೇ.